ನಿಮಗಿದು ಗೊತ್ತೇ? ಮದುವೆ ಮಾಡಿಸಿದ್ದು ಕಮ್ಮಾರ!

ಹುಡುಗಿ ಒಪ್ಪಿಯಾಯಿತು. ಛತ್ರ ಸಿಕ್ಕಿತು. ಅಡುಗೆಯವರಿಗೆ ಅಡ್ವಾನ್ಸ್ ಹೋಯಿತು. ಲಗ್ನಪತ್ರಿಕೆಯೂ ಅಚ್ಚಿಗೆ ಹೋಯಿತು. ಆಗ ಒಳಮನೆಯಿಂದ ಅಜ್ಜಿಯ ದನಿ: "ಭಟ್ರಿಗೆ ಹೇಳಿದ್ರೇನ್ರೋ?" ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಮುಹೂರ್ತ ಇಟ್ಟುಕೊಟ್ಟ ಜೋಯಿಸರಿಗೆ ಅದೇ ದಿನ ಇನ್ನೆರಡು ಮದುವೆ!

ಮದುವೆ ಮಾಡಿಸುವವರು ಯಾರು? ಪ್ರಶ್ನೆ ಇಷ್ಟೇ. ಇದಕ್ಕೆ ಲೋಕದಲ್ಲಿ ಎಷ್ಟು ಬಗೆಯ ಉತ್ತರಗಳಿವೆ ಗೊತ್ತೇ? ಕಮ್ಮಾರ, ಮೇಯರ್, ರೋಬಾಟ್, ಪೋಪ್... ಕೆಲವು ಕಡೆ ಯಾರೂ ಬೇಡ! ಬನ್ನಿ, ನಮ್ಮ ಮನೆಯಿಂದಲೇ ಶುರು ಮಾಡೋಣ.

1955ರ ಹಿಂದೂ ವಿವಾಹ ಕಾಯ್ದೆ ಗೊತ್ತಲ್ಲ? ಮದುವೆ ಹೇಗೆ ನಡೆಯಬೇಕು ಎಂದು ಹೇಳುವ ಅದರ ಕಲಮಿನಲ್ಲಿ "ಪುರೋಹಿತ" ಎಂಬ ಮಾತೇ ಇಲ್ಲ! ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಸಂಪ್ರದಾಯದಂತೆ ಶಾಸ್ತ್ರ ನಡೆದರೆ ಸರಿ. ಆ ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆ ಇಟ್ಟ ಕ್ಷಣಕ್ಕೆ ಮದುವೆ ಪೂರ್ತಿಯಾಯಿತು. ಇನ್ನೊಂದು ತಮಾಷೆ ನೋಡಿ. ಸಪ್ತಪದಿಯ ಮಾತು ಬರುವುದು ಎಷ್ಟನೇ ಕಲಮಿನಲ್ಲಿ? ಏಳನೆಯದರಲ್ಲೇ!

ಕೊಡವರ ಮದುವೆಗೆ ಹೋಗಿದ್ದೀರಾ? ಹೋಗಿದ್ದರೆ ಒಂದು ಸಲ ನೆನಪಿಸಿಕೊಳ್ಳಿ. ಅಲ್ಲಿ ಪುರೋಹಿತರು ಎಲ್ಲಿದ್ದರು? ಇರಲೇ ಇಲ್ಲ! ಹೋಮವಿಲ್ಲ, ಮಂತ್ರವಿಲ್ಲ. ದೀಪ ಉರಿಯುತ್ತಿರುತ್ತದೆ. ವಧುವೋ ವರನೋ ಕುಳಿತಿರುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿಕಾಳು ಹಾಕಿ, ಗಿಂಡಿಯಿಂದ ಗುಟುಕು ಹಾಲು ಕುಡಿಸಿ, ಕೈಗೆ ನಾಣ್ಯ ಇಟ್ಟು ಹರಸುತ್ತಾರೆ. ಎರಡೂ ಮನೆಗಳ ಪರವಾಗಿ ಮಾತಾಡಲು "ಅರುವ" ಎಂಬ ಹಿರಿಯರಿದ್ದಾರೆ. ಇಬ್ಬರು ಅರುವರು ಎದುರುಬದುರು ನಿಂತು ಸಂಬಂಧ ಒಪ್ಪಿಸಿಕೊಳ್ಳುವ ಮಾತಾಡುತ್ತಾರೆ. ಪುಟ್ಟ ಹರಳುಗಳನ್ನು ಎಣಿಸಿ ಕೊಡುತ್ತಾರೆ. ಒಂದು ಹರಳನ್ನು ಮಾತ್ರ ಕೊಡುವುದಿಲ್ಲ. ಅದು ತವರಿನಲ್ಲೇ ಉಳಿಯುತ್ತದೆ. ಮಗಳಿಗೆ ಈ ಮನೆಯ ಬಾಗಿಲು ಯಾವತ್ತೂ ತೆರೆದೇ ಇದೆ ಎಂಬುದಕ್ಕೆ ಗುರುತು!

ತುಳುನಾಡಿನ ಬಸದಿಗಳಲ್ಲಿ ಜೈನ ಪುರೋಹಿತರನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಇಂದ್ರರು! ಮಳೆ ಬಂದರೆ ಯಾರನ್ನು ದೂರುತ್ತಾರೋ ಕಾಣೆ.

ಲಿಂಗಾಯತರ ಮದುವೆಗೆ ಜಂಗಮರು ಬರಬೇಕು. ಉತ್ತರ ಕರ್ನಾಟಕದಲ್ಲಿ "ಅಯ್ಯನವರು" ಬಂದರೆನ್ನಿ. ಈಗ ವಚನಗಳನ್ನೇ ಹೇಳಿ ಮದುವೆ ಮಾಡಿಸುವವರೂ ಇದ್ದಾರೆ. ಮಂತ್ರದ ಜಾಗಕ್ಕೆ ಅಚ್ಚಗನ್ನಡ. ಹಿಂದಿನ ಸಾಲಿನಲ್ಲಿ ಕುಳಿತ ಅತ್ತೆಗೂ ಅರ್ಥವಾಗುತ್ತದೆ!

ಕನ್ನಡದಲ್ಲೇ ಮದುವೆ ಎಂದ ಮೇಲೆ ಕುವೆಂಪು ಅವರನ್ನು ಬಿಡುವುದುಂಟೇ? 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆ ಬಂತು. ಕವಿ ಯಾವ ಪುರೋಹಿತರನ್ನೂ ಹುಡುಕಲಿಲ್ಲ. ಮದುವೆಯ ವಿಧಿಯನ್ನೇ ಹೊಸದಾಗಿ ಬರೆದುಬಿಟ್ಟರು! ಅದೇ "ಮಂತ್ರ ಮಾಂಗಲ್ಯ". ಮುಹೂರ್ತ ನೋಡುವಂತಿಲ್ಲ. ವರದಕ್ಷಿಣೆ ಇಲ್ಲ. ಆಡಂಬರ ಇಲ್ಲವೇ ಇಲ್ಲ. ಒಬ್ಬರು ನಿಂತು ಓದುತ್ತಾರೆ, ವಧೂವರರು ಕೇಳಿ ಒಪ್ಪಿಕೊಳ್ಳುತ್ತಾರೆ. ಓದುವವರು ಯಾರಾಗಿರಬೇಕು? ಯಾರಾದರೂ ಆಗಬಹುದು! ಮೇಷ್ಟ್ರು ಓದಬಹುದು, ಗೆಳೆಯ ಓದಬಹುದು, ಚಿಕ್ಕಮ್ಮನೂ ಓದಬಹುದು. ಜಾತಿ ಕೇಳುವಂತಿಲ್ಲ, ದಕ್ಷಿಣೆಯ ಚೌಕಾಸಿಯೂ ಇಲ್ಲ. ಪುಟ್ಟ ಪುಸ್ತಕ ಒಂದಿದ್ದರೆ ಸಾಕು. ಎಷ್ಟೋ ಜೋಡಿಗಳು ಇವತ್ತಿಗೂ ಅದೇ ಪುಸ್ತಕ ಹಿಡಿದು ಮದುವೆಯಾಗುತ್ತಿದ್ದಾರೆ. ಇಡೀ ಮದುವೆ ಮುಗಿಯುವ ಹೊತ್ತಿಗೆ ಮಾಮೂಲಿ ಛತ್ರದಲ್ಲಿ ಇನ್ನೂ ವರಪೂಜೆಯೇ ನಡೆಯುತ್ತಿರುತ್ತದೆ!

ಇದಕ್ಕೂ ಸುಮಾರು ನೂರು ವರ್ಷ ಮೊದಲೇ ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ ಇಂಥದ್ದೇ ಕೆಲಸ ಮಾಡಿದ್ದರು. 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ವಧೂವರರೇ ಹೇಳಿಕೊಳ್ಳುವ ಮಂಗಳಾಷ್ಟಕಗಳನ್ನು ಮರಾಠಿಯಲ್ಲಿ ಬರೆದರು. ಆಮೇಲೆ ಏನಾಯಿತು ಗೊತ್ತೇ? ಜುನ್ನರ್ ಬಳಿಯ ಓತೂರಿನಲ್ಲಿ ಊರ ಜೋಶಿಗಳು ನೇರ ಕೋರ್ಟಿಗೆ ಹೋದರು! "ನಮ್ಮನ್ನು ಕರೆಯದೆ ಮದುವೆ ಮಾಡಿದ್ದಾರೆ. ಆದರೂ ನಮ್ಮ ದಕ್ಷಿಣೆ ನಮಗೆ ಬರಲೇಬೇಕು" ಎಂಬ ದಾವೆ. ಊರಿನ ಪೌರೋಹಿತ್ಯ ಆಗ ವಂಶದ ಹಕ್ಕು, ಜಮೀನಿನ ಹಾಗೆ. ಪ್ರಕರಣ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಗೆದ್ದದ್ದು ಪುರೋಹಿತರಿಲ್ಲದ ಮದುವೆ! ಊಟಕ್ಕೆ ಹೋಗದ ಹೋಟೆಲು ಬಿಲ್ಲು ಕಳಿಸಿದ ಹಾಗಾಯಿತಲ್ಲವೇ?

ತಮಿಳುನಾಡು ಒಂದು ಹೆಜ್ಜೆ ಮುಂದೆ. 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೇ ತಿದ್ದುಪಡಿ ತಂದಿತು. ಬಂಧುಗಳೋ ಸ್ನೇಹಿತರೋ ಎದುರಿಗಿರಬೇಕು. ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ "ನೀನೇ ನನ್ನ ಬಾಳಸಂಗಾತಿ" ಎನ್ನಬೇಕು. ಹಾರ ಬದಲಾಯಿಸಿಕೊಂಡರೂ ಸರಿ, ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ. ಮದುವೆ ಆಯಿತು! ಇದೇ "ಸುಯಮರಿಯಾದೈ" ಮದುವೆ, ಅಂದರೆ ಸ್ವಾಭಿಮಾನದ ಮದುವೆ.

ಹಾಗಾದರೆ ವಕೀಲರು ತಮ್ಮ ಕಚೇರಿಯಲ್ಲೇ ಇಂಥ ಮದುವೆ ಮಾಡಿಸಬಹುದೇ? ಇದೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು! 2023ರ ಆಗಸ್ಟ್‌ನಲ್ಲಿ ಉತ್ತರ ಬಂತು: ಗೆಳೆಯರಾಗಿಯೋ ನೆಂಟರಾಗಿಯೋ ಮಾಡಿಸಲಿ, ಅಡ್ಡಿಯಿಲ್ಲ. ವಕೀಲರಾಗಿ ಮಾತ್ರ ಬೇಡ. ಕರಿಕೋಟು ಬಿಚ್ಚಿಟ್ಟು ಅಕ್ಷತೆ ಹಾಕಿ ಎಂದಂತಾಯಿತು!

ಮುಸ್ಲಿಂ ಮದುವೆಗೆ ಖಾಜಿ ಬೇಕೇ ಬೇಕು ಎಂದುಕೊಂಡಿದ್ದೀರಾ? 1880ರ ಖಾಜಿಗಳ ಕಾಯ್ದೆಯೇ "ಖಾಜಿ ಇರಲೇಬೇಕು ಎಂದೇನೂ ಇಲ್ಲ" ಎನ್ನುತ್ತದೆ. ಖಾಜಿಗಳಿಗೆಂದೇ ಮಾಡಿದ ಕಾಯ್ದೆಯ ಮಾತು ಇದು! ನಿಕಾಹ್ ಎಂದರೆ ಒಪ್ಪಂದ. ಇಬ್ಬರ ಒಪ್ಪಿಗೆ ಮತ್ತು ಸಾಕ್ಷಿಗಳು ಮುಖ್ಯ. 2008ರಲ್ಲಿ ಲಖನೌದಲ್ಲಿ ಒಂದು ನಿಕಾಹ್ ನಡೆಯಿತು. ಮಾಡಿಸಿದವರು ಸೈಯದಾ ಹಮೀದ್. ಆಗ ಅವರು ಯೋಜನಾ ಆಯೋಗದ ಸದಸ್ಯೆ. ಅಂದರೆ ದೇಶಕ್ಕೂ ಯೋಜನೆ, ಮದುವೆಗೂ ಯೋಜನೆ!

ಹೆಂಗಸರು ಮದುವೆ ಮಾಡಿಸುವುದು ಎಂದಾಗ ಪುಣೆಯನ್ನು ನೆನೆಯಬೇಕು. ಅಲ್ಲಿ ಹೆಂಗಸರಿಗೆ ಪೌರೋಹಿತ್ಯ ಕಲಿಸುವ ಕೆಲಸ ದಶಕಗಳಿಂದ ನಡೆದಿದೆ. ನಮ್ಮ ಮೈಸೂರಿನ ಮಹಿಳಾ ಪುರೋಹಿತರೊಬ್ಬರು ಚೆನ್ನೈಗೆ ಹೋಗಿ ಮದುವೆ ಮಾಡಿಸಿ ಬಂದದ್ದೂ ಸುದ್ದಿಯಾಗಿತ್ತು. 2021ರಲ್ಲಿ ನಟಿ ದಿಯಾ ಮಿರ್ಜಾ ಮದುವೆಯಾದದ್ದೂ ಮಹಿಳಾ ಪುರೋಹಿತರ ಮುಂದೆಯೇ!

ಪಾರ್ಸಿಗಳದ್ದು ತಿರುಗುಮುರುಗು. ಅವರ ಕಾಯ್ದೆಯ ಪ್ರಕಾರ ಪುರೋಹಿತರು ಇರಲೇಬೇಕು. ಅವರಲ್ಲದೆ ಇನ್ನಿಬ್ಬರು ಪಾರ್ಸಿ ಸಾಕ್ಷಿಗಳೂ ಬೇಕು. ಆ ಶಾಸ್ತ್ರದ ಹೆಸರೇನು ಗೊತ್ತೇ? "ಆಶೀರ್ವಾದ"!

ಕ್ರೈಸ್ತರ ಮದುವೆಗೆ ಕಾನೂನು ಗಡಿಯಾರವನ್ನೇ ಕಟ್ಟಿದೆ. 1872ರ ಕಾಯ್ದೆ ನೋಡಿ. ಬೆಳಗಿನ ಆರರಿಂದ ಸಂಜೆ ಏಳರೊಳಗೆ ಮದುವೆ ಮುಗಿಯಬೇಕು! ವಿಶೇಷ ಅನುಮತಿಯಂಥ ಕೆಲವು ವಿನಾಯಿತಿಗಳುಂಟು. ಅವಿಲ್ಲದೆ ಹೊತ್ತು ಮೀರಿ ಮಾಡಿಸಿದರೆ ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು! ನಮ್ಮಲ್ಲಿ ಗೋಧೂಳಿ ಲಗ್ನ ಹುಡುಕುತ್ತೇವೆ, ಅಲ್ಲಿ ಗೋಧೂಳಿ ದಾಟಿದರೆ ಪಾದ್ರಿಗಳಿಗೆ ಗಾಬರಿ.

ಇನ್ನೊಂದು ವಿಚಿತ್ರ. ರೋಮನ್ ಕ್ಯಾಥೊಲಿಕ್ ನಂಬಿಕೆಯಲ್ಲಿ ಮದುವೆ ಮಾಡಿಸುವವರು ಪಾದ್ರಿ ಅಲ್ಲವೇ ಅಲ್ಲ! ವಧು ವರನಿಗೆ, ವರ ವಧುವಿಗೆ ಆ ಸಂಸ್ಕಾರ ಕೊಡುತ್ತಾರೆ. ಪಾದ್ರಿಯದು ಚರ್ಚಿನ ಪರವಾಗಿ ಸಾಕ್ಷಿಯ ಪಾತ್ರ. ಪಾದ್ರಿ ಎದುರಿಗಿರಲೇಬೇಕು ಎಂಬ ನಿಯಮ ಬಂದದ್ದೇ 1563ರಲ್ಲಿ, ಟ್ರೆಂಟ್ ಸಭೆಯಲ್ಲಿ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆಯಾಗುವುದು ಗೊತ್ತಿದ್ದದ್ದೇ. ವಿಶೇಷ ವಿವಾಹ ಕಾಯ್ದೆ, 1954ನೇ ಇಸವಿಯದು. 30 ದಿನದ ನೋಟಿಸು, ಮೂವರು ಸಾಕ್ಷಿಗಳು. ಆದರೆ ಇದು ಗೊತ್ತಿತ್ತೇ? ನೀವು ಕಚೇರಿಗೇ ಹೋಗಬೇಕೆಂದಿಲ್ಲ! ಹೆಚ್ಚಿನ ಶುಲ್ಕ ಕಟ್ಟಿದರೆ ಹತ್ತಿರದ ಬೇರೆ ಜಾಗದಲ್ಲೂ ವಿವಾಹಾಧಿಕಾರಿಯ ಮುಂದೆ ಮದುವೆಯಾಗಲು ಕಾಯ್ದೆಯಲ್ಲಿ ಅವಕಾಶವಿದೆ. ನೋಟಿಸು ಕೊಟ್ಟು ಮೂರು ತಿಂಗಳು ಸುಮ್ಮನಿದ್ದರೆ ಮಾತ್ರ ಮತ್ತೆ ಮೊದಲಿನಿಂದ! ವಿದೇಶದಲ್ಲಿದ್ದೀರಾ? ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯೇ ವಿವಾಹಾಧಿಕಾರಿಯಾಗಬಹುದು. ಅದಕ್ಕೆಂದೇ 1969ರ ಕಾಯ್ದೆ ಇದೆ.

ಈಗ ಕಮ್ಮಾರನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1754ರಲ್ಲಿ ಇಂಗ್ಲೆಂಡ್‌ನಲ್ಲಿ ಕಟ್ಟುನಿಟ್ಟಾದ ಮದುವೆ ಕಾನೂನು ಜಾರಿಗೆ ಬಂತು. 21 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಪಕ್ಕದ ಸ್ಕಾಟ್‌ಲೆಂಡ್‌ಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ! ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ "ನಾವು ಗಂಡಹೆಂಡತಿ" ಎಂದರೆ ಮುಗಿಯಿತು. ಇನ್ನೇನು, ಪ್ರೇಮಿಗಳು ಗಾಡಿ ಕಟ್ಟಿದರು! ಗಡಿ ದಾಟಿದೊಡನೆ ಸಿಗುವ ಊರು ಗ್ರೆಟ್ನಾ ಗ್ರೀನ್. ಅಲ್ಲಿ ಕಣ್ಣಿಗೆ ಬೀಳುವುದು ಕಮ್ಮಾರಸಾಲೆ. ಹಿಂದೆ ಹುಡುಗಿಯ ಅಪ್ಪ ಕುದುರೆ ಓಡಿಸಿಕೊಂಡು ಬರುತ್ತಿದ್ದಾನೆ, ಮುಂದೆ ಕುಲುಮೆಯಲ್ಲಿ ಬೆಂಕಿ ಉರಿಯುತ್ತಿದೆ. ಇಬ್ಬರೂ ಮಾತು ಕೊಟ್ಟುಕೊಂಡರು, ಅಡಿಗಲ್ಲಿನ ಮೇಲೆ ಸುತ್ತಿಗೆ ಬಿತ್ತು. ಠಣ್! ಮದುವೆ ಆಯಿತು. ಅಪ್ಪ ಬರುವ ಹೊತ್ತಿಗೆ ಅಳಿಯ ಕಾಲಿಗೆ ಬೀಳಲು ಸಿದ್ಧ!

ಹೀಗೆ ಮದುವೆ ಮಾಡಿಸುವವರಿಗೆ "ಅಡಿಗಲ್ಲಿನ ಪಾದ್ರಿ"ಗಳೆಂದೇ ಹೆಸರು ಬಿತ್ತು. ಅವರಲ್ಲಿ ಕೊನೆಯವನು ರಿಚರ್ಡ್ ರೆನಿಸನ್. ಒಬ್ಬನೇ ಮಾಡಿಸಿದ ಮದುವೆಗಳು ಎಷ್ಟು ಗೊತ್ತೇ? 5,147! ತಮಾಷೆ ಎಂದರೆ ಅವನು ಕಮ್ಮಾರನೇ ಅಲ್ಲ. ಕುದುರೆಗೆ ಜೀನು ಹೊಲಿಯುವವನು! 1940ರಲ್ಲಿ ಈ ಬಗೆಯ ಮದುವೆಗೆ ಕಾನೂನು ತೆರೆ ಎಳೆಯಿತು. ಆದರೂ ಜನ ಕೇಳಬೇಕಲ್ಲ. ಇವತ್ತಿಗೂ ವರ್ಷಕ್ಕೆ ಸಾವಿರಾರು ಜೋಡಿಗಳು ಅದೇ ಊರಿಗೆ ಹೋಗಿ ಮದುವೆಯಾಗುತ್ತಾರೆ. ಅಂದು ಅಟ್ಟಿಸಿಕೊಂಡು ಬರುತ್ತಿದ್ದ ಅಪ್ಪನೇ ಈಗ ಬಿಲ್ಲು ಕಟ್ಟುತ್ತಾನೆ!

ಹಡಗಿನ ಕ್ಯಾಪ್ಟನ್ ಮದುವೆ ಮಾಡಿಸಬಹುದು ಎಂದು ಸಿನಿಮಾದಲ್ಲಿ ನೋಡಿದ್ದೀರಲ್ಲ? ಅಮೆರಿಕದ ನೌಕಾಪಡೆಯ ನಿಯಮ ಅದಕ್ಕೆ ಅಡ್ಡಗಾಲು ಹಾಕುತ್ತದೆ. ಅಲ್ಲಿನ ಹಡಗಿನ ಮುಖ್ಯಾಧಿಕಾರಿ ಹಡಗಿನಲ್ಲಿ ಮದುವೆ ಮಾಡಿಸಕೂಡದು! ಕುನಾರ್ಡ್ ಎಂಬ ಹಳೆಯ ಬ್ರಿಟಿಷ್ ಹಡಗು ಕಂಪನಿಗೂ ಇದೇ ಚಿಂತೆ. ಬ್ರಿಟನ್ನಿನಲ್ಲಿ ನೋಂದಾಯಿಸಿದ ಹಡಗಿನಲ್ಲಿ ಕ್ಯಾಪ್ಟನ್ ಮದುವೆ ಮಾಡಿಸುವಂತಿಲ್ಲ. 2011ರಲ್ಲಿ ಅದು ತನ್ನ ಹಡಗುಗಳ ನೋಂದಣಿಯನ್ನೇ ಬರ್ಮುಡಾಕ್ಕೆ ಬದಲಾಯಿಸಿಕೊಂಡಿತು! ಮದುವೆಯ ವ್ಯಾಪಾರಕ್ಕೆಂದು ಹಡಗುಗಳೇ ಊರು ಬದಲಿಸಿದವು.

ಫಿಲಿಪ್ಪೀನ್ಸ್‌ನ ಕಾನೂನು ಇನ್ನೂ ವಿಚಿತ್ರ. ಅಲ್ಲಿ ಹಡಗಿನ ಕ್ಯಾಪ್ಟನ್, ವಿಮಾನದ ಮುಖ್ಯ ಪೈಲಟ್ ಇಬ್ಬರಿಗೂ ಮದುವೆ ಮಾಡಿಸುವ ಅಧಿಕಾರವಿದೆ. ಆದರೆ ಒಂದೇ ಷರತ್ತು. ವಧುವೋ ವರನೋ ಸಾಯುವ ಸ್ಥಿತಿಯಲ್ಲಿರಬೇಕು!

ವಿಮಾನ ಎಂದೆನಲ್ಲ, 2018ರ ಜನವರಿ 18ರಂದು ಪೋಪ್ ಫ್ರಾನ್ಸಿಸ್ ಚಿಲಿ ದೇಶದಲ್ಲಿ ವಿಮಾನ ಹತ್ತಿದ್ದರು. ವಿಮಾನದ ಸಿಬ್ಬಂದಿಯಲ್ಲೇ ಒಂದು ಜೋಡಿ. ಕಾನೂನು ಪ್ರಕಾರ ಮದುವೆಯಾಗಿತ್ತು, ಚರ್ಚಿನ ಮದುವೆ ಆಗಿರಲಿಲ್ಲ. 2010ರ ಭೂಕಂಪದಲ್ಲಿ ಅವರ ಚರ್ಚೇ ಹಾಳಾಗಿತ್ತಂತೆ. ಪೋಪ್ ಅಲ್ಲೇ, ಆಕಾಶದಲ್ಲೇ ಮದುವೆ ಮಾಡಿಸಿಬಿಟ್ಟರು! ಪ್ರಮಾಣಪತ್ರ? ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ! ಜಗತ್ತಿನ ಅತಿ ದೊಡ್ಡ ಪಾದ್ರಿ, ಅತಿ ಚಿಕ್ಕ ಮಂಟಪ.

ಆಕಾಶಕ್ಕಿಂತ ಮೇಲೆ ಹೋಗೋಣವೇ? 2003ರ ಆಗಸ್ಟ್ 10. ರಷ್ಯಾದ ಗಗನಯಾತ್ರಿ ಯೂರಿ ಮಲೆಂಚೆಂಕೊ ಬಾಹ್ಯಾಕಾಶ ನಿಲ್ದಾಣದಲ್ಲಿ. ವಧು ಟೆಕ್ಸಾಸ್‌ನಲ್ಲಿ. ಒಬ್ಬರು ಎದುರಿಗಿಲ್ಲದಿದ್ದರೂ ಮದುವೆಯಾಗಲು ಟೆಕ್ಸಾಸ್ ಕಾನೂನು ಒಪ್ಪುತ್ತಿತ್ತು. ವಧುವಿನ ಪಕ್ಕದಲ್ಲಿ ನಿಂತಿದ್ದು ಯಾರು? ರಟ್ಟಿನಲ್ಲಿ ಕತ್ತರಿಸಿದ ಮದುಮಗ!

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಇಬ್ಬರೂ ಬರದಿದ್ದರೂ ಮದುವೆ ನಡೆಯುತ್ತದೆ! ಮುಖ್ಯವಾಗಿ ಸೈನಿಕರಿಗೆ ಈ ಅನುಕೂಲ. ಇಬ್ಬರ ಪರವಾಗಿ ಬೇರೆ ಇಬ್ಬರು ನಿಲ್ಲುತ್ತಾರೆ.

ಫ್ರಾನ್ಸ್‌ನಲ್ಲಿ ಮದುವೆ ಮಾಡಿಸುವುದು ಊರಿನ ಮೇಯರ್ ಕಚೇರಿ. ಹೆಗಲಿಗೆ ಮೂರು ಬಣ್ಣದ ಪಟ್ಟಿ ಕಟ್ಟಿಕೊಂಡು ಮಾಡಿಸುತ್ತಾರೆ. ಚರ್ಚಿನ ಶಾಸ್ತ್ರ ಆಮೇಲೆ. ಮೇಯರ್ ಮುಂದೆ ಮದುವೆಯಾಗದವರಿಗೆ ಪಾದ್ರಿಗಳು ಮೊದಲೇ ಶಾಸ್ತ್ರ ಮಾಡಿಸುತ್ತಾ ಹೋದರೆ ಆರು ತಿಂಗಳು ಜೈಲು ಕಾದಿರುತ್ತದೆ! ಇನ್ನೊಂದು ಸಂಗತಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1959ರ ಡಿಸೆಂಬರ್‌ನಲ್ಲಿ ಮಾಲ್ಪಾಸೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಮದುವೆ ನಿಶ್ಚಯವಾಗಿದ್ದ ಹುಡುಗನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅಧ್ಯಕ್ಷ ದ ಗಾಲ್ ಅವರಲ್ಲಿ ಬೇಡಿಕೊಂಡಳು: "ಅವನನ್ನೇ ಮದುವೆಯಾಗಬೇಕು." ಅದೇ ತಿಂಗಳು ಕಾನೂನು ಬಂತು! ಇವತ್ತಿಗೂ ಫ್ರಾನ್ಸ್‌ನ ಅಧ್ಯಕ್ಷರು ಒಪ್ಪಿದರೆ ತೀರಿಹೋದವರನ್ನು ಮದುವೆಯಾಗಬಹುದು. ಸಾಯುವುದಕ್ಕೆ ಹಿಂದಿನ ದಿನದ ತಾರೀಖಿನಿಂದ ಆ ಮದುವೆ ಲೆಕ್ಕಕ್ಕೆ ಬರುತ್ತದೆ.

ಜಪಾನಿನಲ್ಲಿ ಮದುವೆ ಮಾಡಿಸುವವರೇ ಬೇಡ. ಒಂದು ಅರ್ಜಿ ತುಂಬಿ ನಗರ ಕಚೇರಿಗೆ ಕೊಟ್ಟರಾಯಿತು! ಆದರೂ ಬಿಳಿ ಗೌನಿನ ಚರ್ಚ್ ಮದುವೆಯ ಮೇಲೆ ಅವರಿಗೆ ಬಲು ಆಸೆ. ಅದಕ್ಕೆ ಪಾದ್ರಿ ಬೇಕಲ್ಲ? ಬಿಡುವಿನ ದಿನ ಪಾದ್ರಿ ವೇಷ ಹಾಕುವ ವಿದೇಶಿಯರು ಸಿಗುತ್ತಾರೆ! 2010ರ ಮೇ ತಿಂಗಳಲ್ಲಿ ಟೋಕಿಯೊದ ಮದುವೆಯೊಂದನ್ನು ಐ-ಫೇರಿ ಎಂಬ ರೋಬಾಟ್ ಮಾಡಿಸಿತು. ತಲೆಯ ಮೇಲೆ ಹೂವಿನ ಕಿರೀಟ ಬೇರೆ! ವಧು ಆ ರೋಬಾಟ್ ತಯಾರಿಸುವ ಕಂಪನಿಯ ಉದ್ಯೋಗಿ. ಆಫೀಸಿನವರನ್ನು ಮದುವೆಗೆ ಕರೆಯುವುದು ಎಂದರೆ ಇದೇ!

ನ್ಯೂಜಿಲೆಂಡ್‌ನಲ್ಲಿ 2016ರಲ್ಲಿ "ಹಾರುವ ಸ್ಪಗೆಟಿ ರಾಕ್ಷಸ" ಎಂಬ ತಮಾಷೆಯ ದೇವರ "ಭಕ್ತರ" ಮದುವೆ ನಡೆಯಿತು. ಕಡಲ್ಗಳ್ಳರ ಹಡಗಿನ ಮೇಲೆ, ತಲೆಗೆ ಜರಡಿ ಪಾತ್ರೆ, ಕೈಗೆ ಪಾಸ್ತಾ ಉಂಗುರ. ನಗಬೇಡಿ, ಮದುವೆ ಮಾಡಿಸಿದವರಿಗೆ ಸರ್ಕಾರದ ಮಾನ್ಯತೆ ಇತ್ತು!

ಅಮೆರಿಕಕ್ಕೆ ಬನ್ನಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಫ್ಲೋರಿಡಾದಲ್ಲಿ ನೋಟರಿ ಮದುವೆ ಮಾಡಿಸಬಹುದು. ಅಫಿಡವಿಟ್‌ಗೆ ಮುದ್ರೆ ಒತ್ತುವ ನೋಟರಿಯೇ! ಲಾಸ್ ವೇಗಸ್‌ನಲ್ಲಿ ಎಲ್ವಿಸ್ ಪ್ರೆಸ್ಲಿ ವೇಷದವರ ಮುಂದೆ ಹಾಡು ಕೇಳುತ್ತಾ ಮದುವೆಯಾಗಬಹುದು. ಕೊಲರಾಡೊದಲ್ಲಿ ಯಾರೂ ಬೇಡ, ವಧೂವರರೇ ಸಹಿ ಹಾಕಿಕೊಂಡರಾಯಿತು. ಸಾಕ್ಷಿಯೂ ಬೇಡ. ಹಾಗಾಗಿ ಎಷ್ಟೋ ಜೋಡಿಗಳು ಮದುವೆ ಪತ್ರದ ಮೇಲೆ ತಮ್ಮ ನಾಯಿಯ ಹೆಜ್ಜೆಗುರುತು ಒತ್ತಿಸುತ್ತಾರೆ!

ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಯೂನಿವರ್ಸಲ್ ಲೈಫ್ ಚರ್ಚ್ ಎಂಬುದಿದೆ. ಅದು ಕೇಳಿದವರನ್ನೆಲ್ಲ ಪಾದ್ರಿ ಮಾಡುತ್ತದೆ! ಮೊಬೈಲ್‌ನಲ್ಲಿ ಹೆಸರು ಒತ್ತಿ, ಕಾಫಿ ಆರುವುದರೊಳಗೆ ನೀವು ಪಾದ್ರಿ. ಹೀಗಾಗಿ ಎಷ್ಟೋ ಮದುವೆಗಳನ್ನು ಮದುಮಗನ ಕಾಲೇಜು ಗೆಳೆಯನೇ ಮಾಡಿಸುತ್ತಾನೆ. ವರ್ಜೀನಿಯಾದಂಥ ಕೆಲವು ರಾಜ್ಯಗಳು ಮಾತ್ರ ಇಂಥ ದಿಢೀರ್ ಪಾದ್ರಿಗಳನ್ನು ಕಂಡರೆ ಹುಬ್ಬು ಗಂಟಿಕ್ಕುತ್ತವೆ.

2016ರಲ್ಲಿ ಜೋ ಬೈಡನ್ ತಮ್ಮ ಮನೆಯಲ್ಲಿ ಶ್ವೇತಭವನದ ಇಬ್ಬರು ಸಿಬ್ಬಂದಿಯ ಮದುವೆ ಮಾಡಿಸಿದರು. ಆಗ ಅವರು ದೇಶದ ಉಪಾಧ್ಯಕ್ಷ. ಆದರೇನು? ಸ್ಥಳೀಯ ಆಡಳಿತದಿಂದ ತಾತ್ಕಾಲಿಕ ಪರವಾನಗಿ ತೆಗೆದುಕೊಳ್ಳಲೇಬೇಕಾಯಿತು!

ಮದುವೆ ಮಾಡಿಸುವವರಿಗೂ ಜೈಲು ಇದೆ ಎಂದೆನಲ್ಲ, ನಮ್ಮಲ್ಲಿ ಅದರ ಗಂಭೀರ ರೂಪವೊಂದಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇಲ್ಲದಿದ್ದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪುರೋಹಿತರನ್ನೂ ಬಿಡುವುದಿಲ್ಲ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಭಟ್ಟರು ಹುಡುಗಿಯ ಅಂಕಪಟ್ಟಿ ತೋರಿಸಿ ಎಂದರೆ ಮುನಿಸಿಕೊಳ್ಳಬೇಡಿ. ಎಲ್ಲಾದರೂ ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ.

ಅಮೆರಿಕದಲ್ಲಿ ಮಗನ ಮದುವೆ ಇಟ್ಟುಕೊಂಡವರಿಗೆ ಕೊನೆಯದಾಗಿ ಒಂದು ಮಾತು. ಓಹಾಯೊದಲ್ಲಿ ಪುರೋಹಿತರಿಗೆ ರಾಜ್ಯದ ಲೈಸೆನ್ಸ್ ಬೇಕು. ನ್ಯೂಯಾರ್ಕ್ ನಗರದಲ್ಲಿ ಮದುವೆ ಮಾಡಿಸಲು ಮೊದಲೇ ಹೆಸರು ನೋಂದಾಯಿಸಿರಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ 25 ಡಾಲರ್ ಕಟ್ಟಿ ಅರ್ಜಿ ಹಾಕಿದರೆ ಗವರ್ನರ್ ನಿಮ್ಮ ಸೋದರಮಾವನಿಗೂ ಒಂದು ದಿನದ ಅಧಿಕಾರ ಕೊಡುತ್ತಾರೆ! ಇಲ್ಲಿಂದ ಮಂಗಳಸೂತ್ರ, ಅರಿಶಿನದ ಕೊಂಬು, ತೆಂಗಿನಕಾಯಿ ಎಲ್ಲ ಪ್ಯಾಕ್ ಮಾಡುವ ಮೊದಲು ಅಲ್ಲಿನ ಭಟ್ಟರಿಗೊಂದು ಫೋನ್ ಮಾಡಿ, "ನಿಮ್ಮ ಲೈಸೆನ್ಸ್ ಉಂಟೇ?" ಎಂದು ಕೇಳಿಬಿಡಿ!